ಮೂವತ್ತೊಂದು, ಹನ್ನೊಂದು ಸಲ

ಫೆಬ್ರವರಿಯಲ್ಲಿ ಹೀಯುಮಾ ದ್ವೀಪಕ್ಕೆ ಹಡಗು ಬೇಡ,
ಕಡಲು ಹೆಪ್ಪುಗಟ್ಟಿದ್ದರೆ.
ಮೊಸರಾದರೆ ಗಡಿಗೆಯನ್ನು ಓರೆ ಮಾಡಿ ನೋಡಬಹುದು,
ಕಡಲನ್ನು ಓರೆ ಮಾಡುವವರಾರು?
ಅದಕ್ಕೇ ಇಪ್ಪತ್ತನಾಲ್ಕು ಕಂಬ,
ಕಂಬಕ್ಕೊಂದು ಅಳತೆಯ ಕಣ್ಣು,
ಗಂಟೆಗೊಮ್ಮೆ ಸೆಂಟಿಮೀಟರಿನಲ್ಲಿ ಮಾತು.

ರಾತ್ರಿ ಎರಡೂವರೆ. ಬಂದರಿನ ಕಚೇರಿ.
ಊರ್ವೆ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಾಳೆ,
ಉಣ್ಣೆಯ ಕಾಲುಚೀಲ, ಹೆಬ್ಬೆರಳ ಕಡೆ ತೂತು.
ಅವಳೇ ಬರೆದ ಪ್ರೋಗ್ರಾಮು
ಹಸಿರು ಅಕ್ಷರದಲ್ಲಿ ಹೇಳುತ್ತಿದೆ: ದಾರಿ ತೆರೆಯಬಹುದು.
ಕೆಳಗೆ ಅವಳ ಸಹಿಗೆ ಜಾಗ.
ಎಂಡೆಲ್ ಮಾತ್ರ ಬೇಡ ಎಂದಿದ್ದಾನೆ.
ಬೇಡ ಅಂದರೆ? ಕಾರಣ?
"ಹದಿನಾಲ್ಕರ ಆಚೆಗೆ ಸದ್ದು ಬೇರೆ."
ಅಷ್ಟೇ ಅಂದು, ಬೂಟಿನ ಹಿಮ ಕೊಡವಿ, ಕಾಫಿ ಕಾಯಿಸಲು ಹೋದ.

ಸದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಓಡುತ್ತಿದ್ದ ಪ್ರೋಗ್ರಾಮನ್ನು ನಡುದಾರಿಯಲ್ಲಿ ನಿಲ್ಲಿಸಿದಳು.
ಡಿಬಗ್ಗರಿನ ಕಪ್ಪು ಕಿಟಕಿ, ಮಿಟುಕುವ ಒಂದು ಬಿಳಿ ಚೌಕ,
ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಸಾಕ್ಷಿ.
ದಪ್ಪ ತೋರಿಸು ಎಂದಳು.
ಸೊನ್ನೆ ಎಕ್ಸಿನಿಂದ ಶುರುವಾಗುವ ಉದ್ದದ ವಿಳಾಸ ಬಂತು.
ಏನಿದೆ ಎಂದರೆ ಎಲ್ಲಿದೆ ಎನ್ನುತ್ತದೆ,
ಯಜಮಾನರಿದ್ದಾರೆಯೇ ಎಂದು ಕೇಳಿದರೆ
ಬಾಗಿಲ ನಂಬರು ಓದಿ ಹೇಳುವ ಕೂಸಿನಂತೆ.

ಹೆಸರಿನ ಮುಂದೊಂದು ನಕ್ಷತ್ರ ಅಂಟಿಸಿ ಮತ್ತೆ ಕೇಳಿದಳು.
ಮೂವತ್ತಮೂರು.
ಅಷ್ಟೇ. ಮೊದಲ ಕಂಬ, ಅಂದರೆ ಸೊನ್ನೆಯ ಕಂಬ.
(ಯಂತ್ರದ ಎಣಿಕೆ ಸೊನ್ನೆಯಿಂದ, ಎಂಡೆಲನದು ಒಂದರಿಂದ;
ಚಳಿಗಾಲವಿಡೀ ಈ ಒಂದಕ್ಕಾಗಿ ಇಬ್ಬರಿಗೂ ಜಗಳ.)
ಉಳಿದವು?
ಫಂಕ್ಷನ್ನಿನ ಹೊಸ್ತಿಲು ದಾಟುವಾಗ
ಸಾಲು ತನ್ನ ಉದ್ದವನ್ನು ಹೊರಗೇ ಬಿಟ್ಟು ಬರುತ್ತದೆ,
ಚಪ್ಪಲಿಯ ಹಾಗೆ.
ಒಳಗಿರುವವರಿಗೆ ಕಾಣುವುದು ಮೊದಲನೆಯ ಮುಖವೊಂದೇ.
ಎಷ್ಟು ಮಂದಿ ಎಂದು ನೀನೇ ಹೇಳಬೇಕು.

ನಿದ್ದೆಗಣ್ಣಲ್ಲಿ ಇಪ್ಪತ್ತೈದು ಎಂದುಬಿಟ್ಟಳು.
ಕೊನೆಗೆ ಬಂತು ಮೈನಸ್ಸು ಹೊತ್ತ ಹತ್ತಂಕಿಯ ಯಾವುದೋ ಪಿಶಾಚಿ;
ಪಕ್ಕದ ಮನೆಯ ಕತ್ತಲಿಗೆ ಇಣುಕಿದ ಹಾಗಾಗಿ
ಒಂದು ಕಳೆದು ಕೇಳಿದಳು.

ಈಗ ಬಂತು, ಒಂದೇ ಉಸಿರಿನಲ್ಲಿ:
ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತನಾಲ್ಕು, ಮೂವತ್ತೆರಡು,
ಏರಿ ಇಳಿದು ಏರಿ ಹದಿಮೂರು ಅಂಕಿ,
ಆಮೇಲೆ, ಜಾಗ ಉಳಿಸಲೆಂದು,
ಡಿಬಗ್ಗರು ಬಟ್ಟೆಯಂತೆ ಮಡಚಿಟ್ಟಿತ್ತು:
ಮೂವತ್ತೊಂದು, ಹನ್ನೊಂದು ಸಲ.

ಊರ್ವೆ ಕಾಲು ಕೆಳಗಿಳಿಸಿದಳು.
ಕಡಲು ಹನ್ನೊಂದು ಸಲ ಒಂದೇ ಮಾತು ಹೇಳುವುದಿಲ್ಲ.
ಗಿಣಿ ಹೇಳುತ್ತದೆ.
ಕಡಲಿಗೆ ಅಡಿಯಲ್ಲಿ ಹರಿವುಂಟು, ಮೇಲೆ ಬಿರುಕುಂಟು,
ಸೀಲು ಉಸಿರಾಡಲು ಕೊರೆದ ಕಂಡಿಯುಂಟು;
ಸಮವಸ್ತ್ರ ತೊಟ್ಟು ಹೀಗೆ ಸಾಲಾಗಿ ನಿಲ್ಲಲು
ಸುಳ್ಳಿಗೆ ಮಾತ್ರ ಬರುತ್ತದೆ.

ಹೆಜ್ಜೆಗೊಂದು ಸಾಲಿನಂತೆ ಹಿಂಬಾಲಿಸಿದಳು.
ಇನ್ನೂರ ಹನ್ನೆರಡರಲ್ಲಿ ಸಿಕ್ಕಿತು:
ಕಂಬ ಸುಮ್ಮನಿದ್ದರೆ ಹಿಂದಿನ ಕಂಬದ ಅಂಕಿಯನ್ನೇ ತುಂಬು.
ಎರಡು ವರ್ಷದ ಹಿಂದೆ, ಒಂದು ಶುಕ್ರವಾರ ಸಂಜೆ,
ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು
ತಾನೇ ಬರೆದದ್ದು.
ಪಕ್ಕದಲ್ಲಿ ಟಿಪ್ಪಣಿ: ತಾತ್ಕಾಲಿಕ.

ಎಂಡೆಲ್ ಎರಡು ಲೋಟ ಹಿಡಿದು ಬಂದ.
ಅವನ ನೋಟುಬುಕ್ಕು ಕೇಳಿ ತೆಗೆದುಕೊಂಡಳು.
ಪೆನ್ಸಿಲಿನ ಅಂಕಿ, ಹೊಗೆಯಾಡಿಸಿದ ಮೀನಿನ ವಾಸನೆ.
ಹದಿನೈದು: ಇಪ್ಪತ್ತೆಂಟು.
ಹದಿನಾರು: ಇಪ್ಪತ್ತೆರಡು.
ಹದಿನೇಳು: ಹತ್ತೊಂಬತ್ತು, ಬೈರಿಗೆಯ ಬೆನ್ನಿಗೇ ನೀರು.
ಹದಿನೆಂಟರಿಂದ ಏನೂ ಇಲ್ಲ.

"ಇದೇಕೆ ಖಾಲಿ?"
"ಹೋಗಲಿಲ್ಲ."

ದಡದ ಗೇಟಿನಲ್ಲಿ ಬ್ರೆಡ್ಡಿನ ವ್ಯಾನು.
ತಾಯ್ವೊ ಆಗಲೇ ಎಂಜಿನ್ ಬಿಸಿ ಮಾಡುತ್ತಿದ್ದಾನೆ,
ಸೀಟ್ ಬೆಲ್ಟ್ ಬಿಚ್ಚಿ, ಬಾಗಿಲು ಅರೆತೆರೆದು;
ಹಿಮದಾರಿಯಲ್ಲಿ ಹಾಗೇ ಓಡಿಸಬೇಕು, ಹಾರಿಕೊಳ್ಳಲು.
ಕಾಫಿ ಅರ್ಧಕ್ಕೇ ಬಿಟ್ಟು ಎಂಡೆಲ್
ಅವನಿಗೆ ಹೇಳಲು ಕತ್ತಲಿಗಿಳಿದ.

ಊರ್ವೆ ಡಿಬಗ್ಗರಿಗೆ ಸಾಕು ಎಂದಳು.
ಅದು ಎಂದಿನಂತೆ ಕೇಳಿತು:
ಕೆಲಸ ಇನ್ನೂ ನಡೆದಿದೆ, ಆದರೂ ಬಿಟ್ಟು ಹೋಗುವೆಯಾ?
ಹೌದು, ಅಥವಾ ಇಲ್ಲ.
ಇಷ್ಟು ವರ್ಷ ಓದದೆಯೇ ಹೌದು ಒತ್ತಿದ್ದಳು.